ಈ ಗಂಟಲು ರಿಪೇರಿಗೆ ಬಂದದ್ದಲ್ಲ

ಅತ್ತೆ ಸೊಸೆ ಇಬ್ಬರೂ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಸ್ಟುಡಿಯೋಗೆ ಬಂದ ದಿನ ಅತ್ತೆ ಒಂದೇ ಒಂದು ಮಾತಾಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಕುರ್ಚಿ ಎಳೆದುಕೊಂಡು ಕೂತರು, ಗೋಡೆಗೆ ಅಂಟಿಸಿದ ಸ್ಪಂಜಿನ ಹಾಳೆಯನ್ನು ಬೆರಳಿಂದ ಒತ್ತಿ ನೋಡಿದರು. ಮಾತೆಲ್ಲ ಸೊಸೆಯದು.

“ಅತ್ತೆಗೆ ಗಂಟಲು ಆಪರೇಷನ್ ಆಗಿದೆ ಮೇಡಂ. ಪಿಸುಪಿಸು ಅಂತಲೂ ಮಾತಾಡಬಾರದು ಅಂದಿದಾರೆ ಡಾಕ್ಟ್ರು. ಅದಕ್ಕೆ ಬಾಯಿ ಬೇಕಲ್ಲ ಅಂತ ನನ್ನ ಕರ್ಕೊಂಡು ಬಂದಿದಾರೆ.”

ಅತ್ತೆ ಸೊಸೆಯ ತೊಡೆಗೆ ಮೆಲ್ಲಗೆ ಒಂದು ಏಟು ಕೊಟ್ಟರು. ಆಗಲೇ ನನಗೆ ಇಬ್ಬರೂ ಇಷ್ಟವಾಗಿಬಿಟ್ಟರು.

ಅತ್ತೆಗೆ ಭದ್ರಾವತಿಯ ಹಳೇನಗರದಲ್ಲಿ ಟೈಲರಿಂಗ್ ಅಂಗಡಿಯಿದೆ. ಅದರ ಜೊತೆಗೆ ಹೆಂಗಸರ ವೀರಗಾಸೆ ತಂಡವೊಂದಕ್ಕೆ ಅವರೇ ಮುಂದಾಳು. ತಂಡದವರೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ವೀರಗಾಸೆ ನೋಡಿದವರಿಗೆ ಒಡಪು ಗೊತ್ತಿರುತ್ತದೆ. ಕುಣಿತದ ನಡುವೆ ಸಂಬಾಳವೆಂಬ ಚರ್ಮವಾದ್ಯದ ಬಡಿತ ಸಟ್ಟನೆ ನಿಲ್ಲುತ್ತದೆ, ಕತ್ತಿ ಹಿಡಿದವರು ಮುಂದೆ ಬಂದು ವೀರಭದ್ರನ ಪ್ರತಾಪವನ್ನು ಏರುದನಿಯಲ್ಲಿ ಹೇಳುತ್ತಾರೆ. ಅದು ಪೂರ್ತಿ ಹಾಡೂ ಅಲ್ಲ, ಬರೀ ಮಾತೂ ಅಲ್ಲ. ಹೇಳುತ್ತ ಹೇಳುತ್ತ ಧ್ವನಿ ಮೇಲೇರಿ, ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಸಂಬಾಳ ಅದರ ಮೇಲೆ ಬೀಳಬೇಕು. ಕೊನೆಯ ಅಕ್ಷರ ಸಂಬಾಳದ ಪಾಲು ಎಂಬುದು ಈ ತಂಡದ ಕಟ್ಟುನಿಟ್ಟು. ಹೇಳುವವರು ಅದನ್ನು ಪೂರ್ತಿ ಹೇಳಿ ಮುಗಿಸಿದರೆ ಸಂಬಾಳ ಬಾರಿಸುವಾಕೆ ಮುಖ ಊದಿಸಿಕೊಳ್ಳುತ್ತಾಳೆ.

ಧ್ವನಿತಂತುವಿನ ಮೇಲೆ ಗಂಟು ಬೆಳೆದಿದೆ, ತೆಗೆಯಲೇಬೇಕು, ತೆಗೆದ ಮೇಲೆ ಮಾತು ಬರುತ್ತದೆ ಆದರೆ ಕೂಗುವುದು ಇನ್ನು ಜನ್ಮದಲ್ಲಿ ಬೇಡ ಎಂದು ಡಾಕ್ಟರು ಹೇಳಿದಾಗ ಅಕ್ಕ ಮಾಡಿದ ಮೊದಲ ಕೆಲಸ ತಂಡವನ್ನು ನ್ಯೂಟೌನಿನ ಸಮುದಾಯ ಭವನಕ್ಕೆ ಕರೆದದ್ದು. ತಮಗೆ ಬರುವ ಒಡಪುಗಳನ್ನೆಲ್ಲ ಸಂಬಾಳ, ತಾಳ, ಗೆಜ್ಜೆಯ ಸಮೇತ ಹೇಳಿ ಮುದ್ರಿಸಿಟ್ಟು, ಆಮೇಲೆ ಆಸ್ಪತ್ರೆಗೆ ಹೋಗಿ ಮಲಗಿದರು. ಮುದ್ರಿಸಿದ್ದು ಅಲ್ಲಿನ ಮೈಕ್‌ಸೆಟ್‌ನವರು, ಮದುವೆಗೆ ತರುವ ಅದೇ ಮಿಕ್ಸರಿನಲ್ಲಿ, ಎಲ್ಲ ಸದ್ದೂ ಕಲೆಸಿದ ಒಂದೇ ಫೈಲಾಗಿ. ಅಕ್ಕನ ಕೂಗಿದ ಧ್ವನಿ ಇನ್ನು ಮುಂದೆ ಈ ಭೂಮಿಯ ಮೇಲೆ ಇರುವುದು ಆ ಫೈಲಿನಲ್ಲಿ ಮಾತ್ರ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಇನ್ನೊಂದು ಸಲ ಹೇಳಿಸೋಣ ಎನ್ನುವ ಮಾತೇ ಇಲ್ಲ.

ಜಾನಪದ ಹಾಡುಗಳನ್ನು ಆ್ಯಪ್‌ಗಳಿಗೆ ಹಾಕುವ ಬೆಂಗಳೂರಿನ ಕಂಪನಿಯೊಂದು ಇದನ್ನು ಬಿಡುಗಡೆ ಮಾಡಲು ಒಪ್ಪಿತ್ತು. ಆದರೆ ಅವರ ಪರೀಕ್ಷೆಯ ಸಾಫ್ಟ್‌ವೇರ್ ಫೈಲನ್ನು ತಿರಸ್ಕರಿಸಿತು. ಧ್ವನಿ ಒಡೆದಿದೆ, ನಡುನಡುವೆ ಸದ್ದು ಕಡಿದುಹೋಗಿದೆ, ಹಿನ್ನೆಲೆಯಲ್ಲಿ ಗದ್ದಲವಿದೆ. ಇದಿಷ್ಟು ಆರೋಪ. ಆಮೇಲೆ ಅವರೇ ತಮ್ಮ ಎಐ ಮಾಸ್ಟರಿಂಗ್‌ಗೆ ಹಾಕಿ ‘ಸರಿಪಡಿಸಿ’ ಕಳಿಸಿದ್ದರು. ಸೊಸೆ ಅದನ್ನು ಫೋನಿನಲ್ಲಿ ಹಾಕಿದಳು.

ಕೇಳಿ ನನಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು. ವೀರಭದ್ರ ತೊಟ್ಟಿಲು ತೂಗುತ್ತಿದ್ದ. ಕೂಗನ್ನೆಲ್ಲ ತಗ್ಗಿಸಿ, ತಗ್ಗಿದ್ದನ್ನೆಲ್ಲ ಎತ್ತಿ, ಎಲ್ಲವನ್ನೂ ಒಂದೇ ಸಮಕ್ಕೆ ತಂದಿಟ್ಟಿತ್ತು. ಸಂಬಾಳ ನಿಂತ ಕಡೆ ಮೌನವೂ ಮೇಲೆದ್ದು, ಭವನದ ಫ್ಯಾನು ರುಬ್ಬುವ ಕಲ್ಲಿನ ಹಾಗೆ ಗುರುಗುಟ್ಟುತ್ತಿತ್ತು. ಅಕ್ಕ ನನ್ನ ಮುಖ ನೋಡಿದರು. ತಮ್ಮ ಗಂಟಲಿನ ಮೇಲೆ ಬೆರಳಿಟ್ಟು, ಆಮೇಲೆ ಫೋನು ತೋರಿಸಿ, ಇಲ್ಲ ಎಂದು ಕೈಯಾಡಿಸಿದರು.

“ಇದು ತಾವಲ್ಲ ಅಂತಿದಾರೆ,” ಎಂದಳು ಸೊಸೆ.

“ಅರ್ಥ ಆಯ್ತು ಮಾರಾಯ್ತಿ,” ಎಂದೆ.

ನನ್ನ ಕೆಲಸದ ಬಗ್ಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಾಡು ಮುದ್ರಣವಾಗಿ, ವಾದ್ಯಗಳೆಲ್ಲ ಒಂದಾಗಿ ಕೂಡಿಕೊಂಡ ಮೇಲೆ, ಜನರ ಕಿವಿಗೆ ಹೋಗುವ ಮುಂಚೆ ಕೊನೆಯದಾಗಿ ಕೈಯಾಡಿಸುವವಳು ನಾನು. ಅದಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ಅಡಿಗೆ ಬೇರೆಯವರದು, ಬಡಿಸುವ ಮೊದಲು ರುಚಿ ನೋಡುವುದಷ್ಟೇ ನನ್ನದು. ಉಪ್ಪು ಕಡಿಮೆಯಿದ್ದರೆ ಹಾಕಬಹುದು, ಅನ್ನವನ್ನು ಪಾಯಸ ಮಾಡುವಂತಿಲ್ಲ. ಯಂತ್ರದ ಮೇಲೆ ನನಗೆ ಹಗೆಯೂ ಇಲ್ಲ. ಮಷೀನ್ ಲರ್ನಿಂಗ್ ಪ್ರೋಗ್ರಾಂಗಳನ್ನು ನಾನೇ ದಿನಾ ಬಳಸುತ್ತೇನೆ, ನನ್ನ ಕೆಲಸಕ್ಕೆ ತಕ್ಕಂತೆ ಪಳಗಿಸಿಕೊಳ್ಳುತ್ತೇನೆ. ಅವು ಕೂಸುಗಳಂತೆ, ಏನು ಕೇಳಿಸಿದರೆ ಅದನ್ನೇ ಸರಿ ಅಂದುಕೊಳ್ಳುತ್ತವೆ. ಕಂಪನಿಯದು ಸಿನಿಮಾ ಹಾಡು ಕೇಳಿ ಬೆಳೆದ ಕೂಸು. ಸಂಬಾಳ ಕೇಳಿಸಿ ಬೆಳೆಸಿದರೆ ಬೇರೆ ಮಾತಾಡೀತು ಎಂಬ ಧೈರ್ಯ ನನಗಿತ್ತು.

ಮೂಲ ಫೈಲನ್ನು ಸ್ಪೀಕರಿಗೆ ಹಾಕಿ ಶುರುವಿನಿಂದ ಕೇಳಿದೆ. ಮೊದಲ ಒಡಪಿಗೇ ನನ್ನ ರೋಮ ನಿಂತಿತು. ‘ರುದ್ರಾ’ ಎಂದು ಏರುವ ಜಾಗದಲ್ಲಿ ಧ್ವನಿ ಬಿರಿದು ಎರಡಾಗುತ್ತದೆ, ಅದರ ಮೇಲೆ ಸಂಬಾಳ ಬೀಳುತ್ತದೆ. ಆದರೂ ನನ್ನ ಕಸುಬಿನ ಕಿವಿ ಆ ಬಿರುಕನ್ನು ಕೇಳಿ ತಕ್ಷಣ ತೀರ್ಪು ಕೊಟ್ಟಿತು. ಮೈಕ್‌ಸೆಟ್‌ನವರು ಮಿಕ್ಸರಿನ ಗುಂಡಿಯನ್ನು ಅತಿಯಾಗಿ ತಿರುಗಿಸಿದ್ದಾರೆ, ಅಲೆಯ ತಲೆ ಕತ್ತರಿಸಿಹೋಗಿದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತೇವೆ. ಭದ್ರಾವತಿಗೆ ಫೋನ್ ಮಾಡಿ ಮೈಕ್‌ಸೆಟ್‌ನವರನ್ನು ಕೇಳಿದೆ.

“ಫುಲ್ ಇಟ್ಟಿದ್ದೆ ಮೇಡಂ,” ಎಂದರು ಅವರು ಯಾವ ಮುಜುಗರವೂ ಇಲ್ಲದೆ. “ಅಕ್ಕ ಹೇಳೋವಾಗ ಕಮ್ಮಿ ಇಟ್ಟರೆ ಅವರೇ ಬೈತಾರೆ.”

ತಪ್ಪೊಪ್ಪಿಗೆಯೇ ಸಿಕ್ಕಿತಲ್ಲ ಎಂದು ನಾನು ಮುಂದಿನ ಕೆಲಸಕ್ಕೆ ಇಳಿದೆ.

ಮೊದಲು ಮಾಡಿದ್ದು ಕಲೆಸಿದ ಸದ್ದನ್ನು ಬೇರ್ಪಡಿಸುವುದು. ಹಾಡಿನಿಂದ ಧ್ವನಿ, ತಾಳವಾದ್ಯ, ಉಳಿದದ್ದು ಎಂದು ವಿಂಗಡಿಸುವ ಪ್ರೋಗ್ರಾಂ ನನ್ನ ಬಳಿ ಇದೆ. ಅದಕ್ಕೆ ವೀರಗಾಸೆ ಹಾಕಿದರೆ ಕಕ್ಕಾಬಿಕ್ಕಿಯಾಯಿತು. ಅಕ್ಕನ ಧ್ವನಿ ತಗ್ಗಿನಲ್ಲಿರುವಾಗ ಮನುಷ್ಯರು ಎಂದು ಒಪ್ಪಿಕೊಂಡಿತು, ಏರಿದೊಡನೆ ಅರ್ಧವನ್ನು ತಾಳವಾದ್ಯದ ಬುಟ್ಟಿಗೆ ಎಸೆಯಿತು. ಗೆಜ್ಜೆಯನ್ನು ಗದ್ದಲ ಎಂದು ಅಳಿಸಿಹಾಕಿತು. ಸಂಬಾಳ ನಿಲ್ಲಿಸುವಾಗ ಅಂಗೈಯಿಂದ ಚರ್ಮವನ್ನು ಅದುಮುವ ಒಂದು ಸಣ್ಣ ಸದ್ದಿದೆ. ಆಮೇಲೆ ಕಾಲು ನಿಂತರೂ ಒಂದು ಗಳಿಗೆ ನಡುಗುವ ಗೆಜ್ಜೆ, ಆಮೇಲೆ ಅಕ್ಕ ಎಳೆದುಕೊಳ್ಳುವ ಉಸಿರು. ಕಂಪನಿಯವರು ಸದ್ದು ಕಡಿದುಹೋಗಿದೆ ಎಂದ ಜಾಗದಲ್ಲಿ ಇಷ್ಟೆಲ್ಲ ಇತ್ತು. ಫ್ಯಾನಿನ ಸದ್ದಿನ ಜೊತೆಗೆ ಇವೂ ಹೋಗಿ ಅಲ್ಲಿ ಸತ್ತ ಮೌನ ಉಳಿಯಿತು.

ಇದನ್ನು ಕೂತಲ್ಲೇ ಸರಿಮಾಡಲಾಗದು, ಯಂತ್ರಕ್ಕೆ ಪಾಠ ಬೇರೆ ಬೇಕು ಎಂದು ಪೆಟ್ಟಿಗೆ ಕಟ್ಟಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಅದೇ ಭವನ, ಅದೇ ಮೈಕು, ಅದೇ ಮಿಕ್ಸರು. ಮೊದಲು ಯಾರೂ ಇಲ್ಲದ ಭವನದಲ್ಲಿ ಫ್ಯಾನೊಂದನ್ನೇ ಬಿಟ್ಟು ಮುದ್ರಿಸಿದೆ. ಮೈಕ್‌ಸೆಟ್‌ನವರು ಬಾಗಿಲಲ್ಲಿ ನಿಂತು, “ಫ್ಯಾನ್ ರೆಕಾರ್ಡಿಂಗಿಗೆ ಶಿವಮೊಗ್ಗದಿಂದ ಬಂದ್ರಾ ಮೇಡಂ?” ಎಂದು ಕೇಳಿದರು. ಹೌದು ಎಂದೆ. ಆಮೇಲೆ ಸಂಬಾಳ ಒಂದೇ, ತಾಳ ಒಂದೇ, ಗೆಜ್ಜೆ ಒಂದೇ. ಸಂಬಾಳದಾಕೆಗೆ ಬಾರಿಸುವುದಕ್ಕಿಂತ ನಿಲ್ಲಿಸುವುದನ್ನೇ ಮತ್ತೆ ಮತ್ತೆ ಮಾಡಿಸಿದೆ. ಆಕೆಗೆ ರೇಗಿಹೋಯಿತು. “ಬಾರಿಸೋಕೆ ಕರೆದಿದೀರೋ, ಬಾರಿಸಬೇಡ ಅನ್ನೋಕೆ ಕರೆದಿದೀರೋ, ಒಂದು ಹೇಳಿ,” ಎಂದು ಕೋಲು ಕೆಳಗಿಟ್ಟಳು. ಚಹಾ ತರಿಸಿ ಸಮಾಧಾನ ಮಾಡಬೇಕಾಯಿತು.

ಕೊನೆಗೆ ಉಳಿದದ್ದು ಧ್ವನಿ. ಅಕ್ಕ ಹೇಳುವಂತಿಲ್ಲ. ಸೊಸೆ ಹೇಳಿದಳು. ಅವಳದು ಎಳೆ ಕಂಠವಲ್ಲ, ಗಟ್ಟಿ ಕಂಠ. ಮೇಲೇರಿದರೂ ನುಣುಪು ಕೆಡುವುದಿಲ್ಲ. ಒಂದೇ ಮೈಕಿನ ಸದ್ದನ್ನು ಎರಡು ದಾರಿಗೆ ಬಿಟ್ಟೆ. ಒಂದು ನೇರ ನನ್ನ ರೆಕಾರ್ಡರಿಗೆ, ಹದವಾದ ಮಟ್ಟದಲ್ಲಿ. ಇನ್ನೊಂದು ಆ ಮಿಕ್ಸರಿನ ಮೂಲಕ, ಗುಂಡಿ ಪೂರ್ತಿ ತಿರುಗಿಸಿ. ಒಂದೇ ಒಡಪು, ಒಂದು ಚೊಕ್ಕ, ಒಂದು ಕೆಟ್ಟದ್ದು. ಇಂಥ ಜೋಡಿಗಳನ್ನು ತೋರಿಸಿದರೆ ಕೆಟ್ಟದ್ದರಿಂದ ಚೊಕ್ಕ ಮಾಡುವುದು ಹೇಗೆಂದು ಯಂತ್ರ ತಾನೇ ಕಲಿಯುತ್ತದೆ. ಅಕ್ಕ ಮೂಲೆಯಲ್ಲಿ ಕೂತು ಸೊಸೆ ತಪ್ಪಿದ ಕಡೆ ತೊಡೆ ತಟ್ಟಿ ಎಚ್ಚರಿಸುತ್ತಿದ್ದರು. ಬಾಯಿ ಮಾತ್ರ ತೆರೆಯಲಿಲ್ಲ.

ಊರಿಗೆ ಬಂದು ಯಂತ್ರಕ್ಕೆ ಇದನ್ನೆಲ್ಲ ಉಣಿಸಿದೆ. ಬೇರ್ಪಡಿಸುವ ಪ್ರೋಗ್ರಾಂ ಗೆಜ್ಜೆಯನ್ನೂ ಅಂಗೈಯ ಸದ್ದನ್ನೂ ಗುರುತಿಸಲು ಕಲಿಯಿತು. ಫ್ಯಾನು ಹೋಯಿತು, ಉಸಿರು ಉಳಿಯಿತು. ಅಷ್ಟಕ್ಕೇ ಕುಣಿದಾಡಬೇಕೆನಿಸಿತು. ಧ್ವನಿ ರಿಪೇರಿಯ ಪ್ರೋಗ್ರಾಂ ಅಕ್ಕನ ಒಡಪಿನ ಬಿರುಕುಗಳನ್ನೆಲ್ಲ ಒಂದೊಂದಾಗಿ ಬೆಸೆಯಿತು. ಫೈಲನ್ನು ಕಂಪನಿಗೆ ಕಳಿಸಿದೆ. ಅವರ ಸಾಫ್ಟ್‌ವೇರ್ ಒಂದೇ ಏಟಿಗೆ ಪಾಸು ಮಾಡಿತು. ‘ಸೂಪರ್ ಮೇಡಂ’ ಎಂದು ಅಲ್ಲಿನ ಹುಡುಗ ಮೆಸೇಜು ಹಾಕಿದ. ನಾನು ಹಿಗ್ಗಿ ಹೀರೇಕಾಯಿಯಾಗಿ ಸೊಸೆಗೆ ಫೋನ್ ಮಾಡಿದೆ.

ಏನೋ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಿದ್ದ ಅವಳು ನೇರ ಸ್ಟುಡಿಯೋಗೆ ಬಂದಳು. ಹೆಡ್‌ಫೋನು ಹಾಕಿಕೊಂಡು ಕೇಳಿದಳು. ಮೊದಲು ತಲೆಯಾಡಿಸುತ್ತಿದ್ದವಳು ‘ರುದ್ರಾ’ ಬಂದ ಕಡೆ ತಟಸ್ಥಳಾದಳು. ಮತ್ತೊಮ್ಮೆ ಹಾಕಿ ಎಂದಳು. ಹಾಕಿದೆ.

“ಮೇಡಂ, ಇದು ನಾನು,” ಎಂದಳು.

“ಎಲ್ಲಿ?”

“ಇಲ್ಲಿಂದ ಇಲ್ಲಿಗೆ ಅತ್ತೆ. ಮೇಲೆ ಹೋಗ್ತಿದ್ದಂಗೆ ನಾನು. ಮತ್ತೆ ಕೆಳಗೆ ಬಂದ್ರೆ ಅತ್ತೆ.” ಅವಳ ಮುಖ ಕೆಂಪಾಗಿತ್ತು. “ಅತ್ತೆ ಬಾಯಲ್ಲಿ ನನ್ನ ಕೂರಿಸಿಬಿಟ್ಟಿದೀರಲ್ಲ!”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಯಂತ್ರಕ್ಕೆ ಚೊಕ್ಕ ಧ್ವನಿ ಎಂದು ನಾನು ತೋರಿಸಿದ್ದು ಸೊಸೆಯ ಕಂಠವನ್ನು ಮಾತ್ರ. ಅದು ಬಿರುಕು ಕಂಡಲ್ಲೆಲ್ಲ ತನಗೆ ಗೊತ್ತಿದ್ದ ಕಂಠವನ್ನು ತುಂಬಿ ಕೂತಿತ್ತು. ತಪ್ಪು ಯಂತ್ರದ್ದಲ್ಲ. ಹೇಳಿಕೊಟ್ಟಿದ್ದನ್ನೇ ಮಾಡಿತ್ತು.

ಅಷ್ಟು ಹೊತ್ತಿಗೆ ಡಾಕ್ಟರು ಅಕ್ಕನಿಗೆ ಮೆಲ್ಲಗೆ ಮಾತಾಡಲು ಬಿಟ್ಟಿದ್ದರು, ಅದೂ ಅಳೆದು ಸುರಿದು. ಫೈಲು ಹಿಡಿದುಕೊಂಡು ಹಳೇನಗರದ ಅಂಗಡಿಗೇ ಹೋದೆ. ಹೊಲಿಗೆ ಯಂತ್ರದ ಪಕ್ಕ ಕೂತು ಕೇಳಿದರು. ಮುಗಿದ ಮೇಲೆ ಅವರ ಆಪರೇಷನ್ನಿನ ನಂತರದ ಧ್ವನಿಯನ್ನು ನಾನು ಮೊದಲ ಸಲ ಕೇಳಿದೆ. ತೆಳ್ಳಗೆ, ದೂರದಿಂದ ಬಂದ ಹಾಗೆ ಇತ್ತು.

“ಬ್ಲೌಸ್ ಸರಿ ಮಾಡಿಕೊಡಿ ಅಂತ ಕೊಟ್ಟರೆ, ಬೇರೆಯವರ ಬ್ಲೌಸ್ ಇಸ್ತ್ರಿ ಮಾಡಿ ಕೊಟ್ಟಂಗಾಯ್ತು ತಂಗಿ.”

“ಸರಿ ಮಾಡ್ತೀನಿ ಅಕ್ಕ. ನಿಮ್ಮದೇ ಒಳ್ಳೇ ಧ್ವನಿ ಎಲ್ಲಾದ್ರೂ ಬೇಕು. ಆಗ ಯಂತ್ರ ನಿಮ್ಮನ್ನೇ ಕಲಿಯುತ್ತೆ.”

ತಂಡದವರು ವಾಟ್ಸಾಪಿನಲ್ಲಿ ಡಂಗುರ ಸಾರಿದರು. ಅಕ್ಕ ಒಡಪು ಹೇಳಿದ ವಿಡಿಯೋ ಯಾರ ಫೋನಿನಲ್ಲಿದ್ದರೂ ಕಳಿಸಿ. ಬಂದವು ನೋಡಿ. ಆಯನೂರಿನ ಮದುವೆಯದು, ಭದ್ರಾವತಿಯ ಯಾವುದೋ ಶಾಲೆಯ ಉದ್ಘಾಟನೆಯದು, ಹೊಳೆಹೊನ್ನೂರಿನ ಒಂದು ಮನೆಯ ಗೃಹಪ್ರವೇಶದ್ದು. ಕೆಲವುಗಳಲ್ಲಿ ವಿಡಿಯೋ ತೆಗೆದವರ ಬೆರಳೇ ಹೆಚ್ಚು. ಒಂದರಲ್ಲಿ ಪಕ್ಕದವರು ಊಟಕ್ಕೆ ಎಲೆ ಹಾಕಿದ್ದಾರಾ ಎಂದು ವಿಚಾರಿಸುವುದೇ ಒಡಪಿಗಿಂತ ಜೋರು. ಬೇಕಾದ್ದನ್ನು ಆರಿಸಿ ಕತ್ತರಿಸುತ್ತ ಕೂತೆ.

ಹೊಳೆಹೊನ್ನೂರಿನ ವಿಡಿಯೋ ಹಾಕಿದಾಗ ಕೈ ನಿಂತಿತು. ಹೊಸ ಮನೆಯ ಅಂಗಳ. ಮೈಕಿಲ್ಲ, ಸ್ಪೀಕರಿಲ್ಲ, ಮಿಕ್ಸರು ಇಲ್ಲವೇ ಇಲ್ಲ. ವಿಡಿಯೋ ತೆಗೆದವರು ಅಂಗಳದ ಆಚೆ ತುದಿಯಲ್ಲಿದ್ದಾರೆ, ಫೋನಿನ ಮೈಕು ತತ್ತರಿಸುವಷ್ಟು ಜೋರಿಲ್ಲ. ಅಕ್ಕ ಕತ್ತಿ ಎತ್ತಿ ‘ರುದ್ರಾ’ ಎಂದು ಏರಿದರು. ಧ್ವನಿ ಬಿರಿದು ಎರಡಾಯಿತು. ಅದೇ ಜಾಗ, ಅದೇ ಬಿರುಕು.

ಆಯನೂರಿನದನ್ನು ಹಾಕಿದೆ. ಅಲ್ಲೂ ಹಾಗೇ. ಶಾಲೆಯದರಲ್ಲೂ ಹಾಗೇ. ಮೂಲ ಫೈಲು ತೆರೆದು ಅಲೆಯನ್ನು ಪರದೆ ತುಂಬ ದೊಡ್ಡದು ಮಾಡಿ ನೋಡಿದೆ. ಈ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು. ಮಿಕ್ಸರು ಕತ್ತರಿಸಿದ್ದರೆ ಅಲೆಯ ತಲೆ ಚಪ್ಪಟೆಯಾಗಿರಬೇಕು. ಸಂಬಾಳದ ಪೆಟ್ಟು ಬಿದ್ದ ಕಡೆ ಚಪ್ಪಟೆಯಿತ್ತು, ನಿಜ. ಅಕ್ಕನ ಧ್ವನಿ ಬಿರಿದ ಹೆಚ್ಚಿನ ಕಡೆ ಅಲೆ ದುಂಡಗೇ ಇತ್ತು, ಒಂದರೊಳಗೊಂದು ಹೆಣೆದುಕೊಂಡು ಎರಡು ಅಲೆ. ಅದನ್ನು ಯಾವ ಮಿಕ್ಸರೂ ಮಾಡಿರಲಿಲ್ಲ. ಅದು ಗಂಟು ಬೆಳೆದಿದ್ದ ಆ ಗಂಟಲು ಮಾಡಿದ್ದು.

ಅಂಗಡಿಗೆ ಫೋನ್ ಮಾಡಿ ಕೇಳಿದೆ. “ಅಕ್ಕ, ಮೇಲೆ ಹೋದಾಗ ಧ್ವನಿ ಹೀಗೆ ಎರಡಾಗೋದು ನಿಮ್ಮದೇನಾ?”

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದರು, “ಮತ್ತೆ ಯಾರದ್ದು? ಎಷ್ಟೋ ವರ್ಷದಿಂದ ಹಾಗೇ ಹೇಳ್ತಿದೀನಿ. ಸೌಂಡ್ ಒಡೆದಿದೆ ಅಂತ ಕಂಪನಿಯೋರು ಅಂದಾಗ ಮೈಕಿಂದೇನೋ ಇರಬೇಕು ಅಂದ್ಕೊಂಡೆ. ನನ್ನ ಗಂಟಲಿನ ಮಾತು ಅಂತ ನನಗೆ ಯಾರು ಹೇಳಿದ್ರು? ಯಾರಾದ್ರೂ ಕೇಳಿದ್ರಾ ನನ್ನ?”

ಯಾರೂ ಕೇಳಿರಲಿಲ್ಲ. ಕಂಪನಿಯ ಸಾಫ್ಟ್‌ವೇರ್ ದೋಷ ಅಂದಿತು, ಕಂಪನಿಯವರು ಅದನ್ನೇ ನಂಬಿದರು, ನಾನು ರೋಮ ನಿಂತದ್ದನ್ನೂ ಬದಿಗಿಟ್ಟು ದೋಷ ಅಂದೆ. ಆ ಸಿಟ್ಟಿನಲ್ಲೇ ತೀರ್ಮಾನ ಮಾಡಿದೆ. ರಿಪೇರಿಯ ಪ್ರೋಗ್ರಾಂ ಕಲಿತದ್ದನ್ನೆಲ್ಲ ಅಳಿಸಿದೆ. ಇನ್ನು ಯಂತ್ರ ಧ್ವನಿಯನ್ನು ಕಟ್ಟುವುದು ಬೇಡ. ಯಾವುದು ಮಿಕ್ಸರಿನ ಪೆಟ್ಟು, ಯಾವುದು ಗಂಟಲಿನ ಬಿರುಕು, ಇಷ್ಟನ್ನು ಗುರುತಿಸಲಿ ಸಾಕು. ಗುರುತಿಸುವುದನ್ನು ಕಲಿಸುವವರು ಆ ಗಂಟಲಿನ ಒಡತಿಯೇ ಆಗಬೇಕು.

ಅಕ್ಕ ಅಂಗಡಿಗೆ ಬೀಗ ಹಾಕಿ ದಿನಾ ಬೆಳಿಗ್ಗೆ ಶಿವಮೊಗ್ಗಕ್ಕೆ ಬರತೊಡಗಿದರು. ಅನುಮಾನ ಬಂದ ತುಣುಕುಗಳನ್ನು ಯಂತ್ರ ಒಂದೊಂದಾಗಿ ಮುಂದಿಡುತ್ತಿತ್ತು. ಅಕ್ಕ ಬಾಯಿಗೆ ಕೆಲಸ ಕೊಡದೆ ಕೈಯಲ್ಲೇ ತೀರ್ಪು ಹೇಳುತ್ತಿದ್ದರು. ಬೆರಳು ಗಂಟಲ ಮೇಲೆ ಹೋದರೆ ಅದು ತಮ್ಮದು, ಇರಲಿ. ಅಂಗೈ ಮೇಜಿನ ಮೇಲೆ ಬಿದ್ದರೆ ಅದು ಮೈಕ್‌ಸೆಟ್‌ನವರದು, ತೆಗಿ. ನಾನು ಗುಂಡಿ ಒತ್ತುತ್ತಿದ್ದೆ. ಎಲ್ಲದಕ್ಕೂ ಗಂಟಲನ್ನೇ ಮುಟ್ಟಿಕೊಳ್ಳುತ್ತಾರೇನೋ ಎಂಬ ಅಳುಕು ನನಗಿತ್ತು. ಹಾಗಾಗಲಿಲ್ಲ. ಚಂದ ಕೇಳಿಸಿದ ಒಂದು ಬಿರುಕಿಗೂ ಅಂಗೈ ಬಡಿದು, “ಇದು ನಂದಲ್ಲ, ಸುಮ್ನೆ ನನ್ನ ಲೆಕ್ಕಕ್ಕೆ ಹಾಕಬೇಡ,” ಎಂದರು. ಕೆಲವು ತುಣುಕುಗಳನ್ನು ಯಂತ್ರದಿಂದ ಮುಚ್ಚಿಟ್ಟು, ಕಲಿತಾದ ಮೇಲೆ ಅದರ ಮುಂದೆ ಪರೀಕ್ಷೆಗೆ ಹಾಕಿದೆ. ಅಕ್ಕನ ತೀರ್ಪಿಗೂ ಅದರ ತೀರ್ಪಿಗೂ ಅಪರೂಪಕ್ಕೆ ಮಾತ್ರ ಭೇದ ಬಂತು. ಭೇದ ಬಂದಲ್ಲಿ ಅಕ್ಕನದೇ ಅಂತಿಮ.

ಹಾಗೆ ಹೊಸ ಫೈಲು ತಯಾರಾಯಿತು. ಸಂಬಾಳದ ಚಪ್ಪಟೆಯಾದ ಪೆಟ್ಟುಗಳು ದುಂಡಗಾದವು, ಫ್ಯಾನು ಹೋಯಿತು, ಧ್ವನಿಯ ಮೇಲೆ ಮಿಕ್ಸರು ಮಾಡಿದ ನಾಲ್ಕಾರು ಗಾಯ ಮಾದವು. ಒಟ್ಟು ಮಟ್ಟವನ್ನು ನಾನೇ ಕೈಯಾರೆ ಇಟ್ಟೆ. ಮೌನ ಮೌನವಾಗಿಯೇ, ಕೂಗು ಕೂಗಾಗಿಯೇ. ಕೊನೆಯ ಅಕ್ಷರ ಸಂಬಾಳದ ಪಾಲಿಗೇ ಹೋಯಿತು.

ಕಂಪನಿಯ ಸಾಫ್ಟ್‌ವೇರ್ ಅದನ್ನು ತಿರಸ್ಕರಿಸಿತು. ಹಳೆಯ ಆರೋಪಗಳೇ. ಹಾಗೇ ವಾಪಸ್ ಕಳಿಸಿದೆ, ಜೊತೆಗೆ ವಿವರಣೆ ಬರೆದು. ಮತ್ತೆ ತಿರಸ್ಕರಿಸಿತು. ಮತ್ತೆ ಅದನ್ನೇ ಕಳಿಸಿದೆ. ನನಗೆ ಹಟ ಹಿಡಿದರೆ ಹೀಗೇ. ಕೊನೆಗೊಂದು ಮಧ್ಯಾಹ್ನ ಆ ಹುಡುಗನೇ ಫೋನ್ ಮಾಡಿದ. ಅಕ್ಕ ಸ್ಟುಡಿಯೋದಲ್ಲಿ ನನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ನನ್ನ ಫೋನು ಕೇಬಲ್ಲಿನಿಂದ ಮಿಕ್ಸರಿಗೆ ಜೋಡಿಸಿದ್ದೇ ಇರುತ್ತದೆ, ಅವನ ಮಾತು ಸ್ಪೀಕರಿನಲ್ಲಿ ಬಂತು.

“ಮೇಡಂ, ಯಾಕೆ ತಲೆ ಕೆಡಿಸ್ಕೊತೀರಾ? ನೀವೇ ಕಳಿಸಿದ ಹಳೇ ಫೈಲ್ ಸಿಸ್ಟಮಲ್ಲಿ ಪಾಸ್ ಆಗಿದೆ. ಅದನ್ನೇ ಬಿಡ್ತೀವಿ. ಅಮ್ಮ ಒಂದು ಸಲ ಓಕೆ ಅಂದ್ರೆ ಸಾಕು.”

“ಅದರಲ್ಲಿರೋದು ಅವರ ಧ್ವನಿ ಅಲ್ಲ ಅಂತ ಬರೆದಿದ್ದೆನಲ್ಲ.”

“ಅದೇ ಮೇಡಂ, ಕೆಲವು ಜಾಗದಲ್ಲಿ ಸ್ವಲ್ಪ ಅಷ್ಟೆ. ಕೇಳೋರಿಗೆ ಯಾರಿಗೂ ಗೊತ್ತಾಗಲ್ಲ. ಇನ್ನೂ ಕ್ಲೀನ್ ಆಗಿದೆ.”

ಕೆಟ್ಟ ಹುಡುಗನೇನಲ್ಲ. ದಿನಕ್ಕೆ ರಾಶಿ ಹಾಡು ದಾಟಿಸಬೇಕು, ಇದೂ ಒಂದು ದಾಟಿಬಿಡಲಿ ಎಂದು ಅವನ ಆಸೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಲೋಟ ಕೆಳಗಿಟ್ಟು ಏನೋ ಹೇಳಿದರು. ಅವನಿಗೆ ಕೇಳಿಸಲಿಲ್ಲ.

“ಹಲೋ? ಅಮ್ಮ ಇದಾರಾ? ಸ್ವಲ್ಪ ಜೋರಾಗಿ ಹೇಳಿ ಅಮ್ಮ, ಏನೂ ಕೇಳಿಸ್ತಿಲ್ಲ.”

ಅಕ್ಕ ನನ್ನ ಕಡೆ ನೋಡಿದರು. ಜೋರಾಗಿ ಹೇಳುವ ಗಂಟಲು ಇನ್ನಿಲ್ಲ. ನಾನು ಸ್ಟ್ಯಾಂಡಿನಲ್ಲಿದ್ದ ಒಳ್ಳೆಯ ಮೈಕನ್ನು ಎಳೆದು ಅವರ ತುಟಿಯ ಹತ್ತಿರ ತಂದೆ. ಮಿಕ್ಸರಿನ ಗುಂಡಿಯನ್ನು ಭದ್ರಾವತಿಯ ಮೈಕ್‌ಸೆಟ್‌ನವರ ಹಾಗೆ ಪೂರ್ತಿ ತಿರುಗಿಸಿದೆ. ಹೇಳಿ ಎಂದು ಸನ್ನೆ ಮಾಡಿದೆ.

ಅಕ್ಕ ಅದೇ ತೆಳ್ಳಗಿನ ಧ್ವನಿಯಲ್ಲಿ, ಒಂದೊಂದೇ ಮಾತು, ಹೇಳಿದರು. ಅದು ಕೋಣೆಯ ತುಂಬ, ಬೆಂಗಳೂರಿನವರೆಗೂ ದೊಡ್ಡದಾಗಿ ಹೋಯಿತು.

“ಡಾಕ್ಟ್ರು ಆ ಗಂಟು ತೆಗೆದಿದ್ದು ನನ್ನ ಗಂಟಲಿಂದ, ತಮ್ಮಾ. ನನ್ನ ಒಡಪಿಂದ ತೆಗಿಯೋಕೆ ನೀವ್ಯಾರು?”

ಅಕ್ಕ ಒಂದು ಉಸಿರು ಎಳೆದುಕೊಂಡು ಮುಂದುವರಿಸಿದರು.

“ಸೊಸೆ ಧ್ವನಿ ಬೇಕಿದ್ರೆ ಸೊಸೆ ಹೆಸರು ಹಾಕಿ, ಅವಳನ್ನ ಕೇಳಿ, ಬಿಡಿ. ನನ್ನ ಹೆಸರಲ್ಲಿ ಬೇಡ. ನಾನು ಓಕೆ ಅನ್ನಲ್ಲ.”

ಇಷ್ಟು ಹೇಳಿ ಮೈಕನ್ನು ತಾವೇ ಆಚೆ ಸರಿಸಿ ಚಹಾ ಮುಗಿಸಿದರು. ಹುಡುಗ ಮೇಲಿನವರನ್ನು ಕೇಳಿ ಹೇಳ್ತೀನಿ ಎಂದ. ಮೇಲಿನವರು ಬೇಡವೆಂದರು. ಪಾಸಾಗದ ಫೈಲು ಹಾಕುವ ಪದ್ಧತಿ ಅವರಲ್ಲಿಲ್ಲವಂತೆ. ನಮ್ಮಲ್ಲೂ ಸುಳ್ಳು ಧ್ವನಿ ಹಾಕುವ ಪದ್ಧತಿಯಿಲ್ಲ ಎಂದು ಬರೆದು ಕಳಿಸಿದೆ. ತಂಡದ ಹೆಸರಿನಲ್ಲೇ ಒಂದು ಚಾನೆಲ್ ತೆರೆದು ನಾವೇ ಒಡಪುಗಳನ್ನು ಹಾಕಿದೆವು. ಕೇಳಿದವರಲ್ಲಿ ಯಾರೋ ಒಬ್ಬರು ‘ಮೈಕ್ ಸರಿ ಇಲ್ಲ’ ಎಂದು ಕೆಳಗೆ ಬರೆದರು. ಅಕ್ಕ ಸೊಸೆಯ ಫೋನು ಕಿತ್ತುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ‘ಮೈಕ್ ಸರಿ ಇದೆ’ ಎಂದು ಉತ್ತರ ಹಾಕಿದರು.

ಮೊನ್ನೆ ತಂಡದ ತಾಲೀಮಿಗೆ ಕರೆದಿದ್ದರು, ಹೋಗಿದ್ದೆ. ಅದೇ ಭವನ, ಅದೇ ಫ್ಯಾನು. ಈಗ ಒಡಪು ಹೇಳುವವಳು ಸೊಸೆ. ನಮ್ಮ ಫೈಲನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ನಾನು ರೆಕಾರ್ಡರಿನ ಮಟ್ಟ ಹದಕ್ಕಿಟ್ಟು ಲ್ಯಾಪ್‌ಟಾಪಿಗೆ ಜೋಡಿಸಿ ಮೂಲೆಯಲ್ಲಿ ಕೂತೆ. ಸಂಬಾಳ ನಿಂತಿತು, ಗೆಜ್ಜೆ ನಡುಗಿ ನಿಂತಿತು. ಅವಳು ಕತ್ತಿ ಎತ್ತಿ ಹೇಳುತ್ತ ಹೋಗಿ, ‘ರುದ್ರಾ’ ಬಂದ ಕಡೆ ಗಂಟಲನ್ನು ಬೇಕೆಂದೇ ತಿರುಚಿ ಅತ್ತೆಯ ಹಾಗೆ ಬಿರಿಯಲು ನೋಡಿದಳು. ಕೆಮ್ಮು ಬಂತು.

ಅಕ್ಕ ಎದ್ದು ಹೋಗಿ ಅವಳ ಮುಂದೆ ನಿಂತರು.

“ಅದು ನನ್ನ ಗಂಟಲು ಕಣೇ. ಅದನ್ನ ಇವಳು ಇಟ್ಟಾಗಿದೆ,” ಎಂದು ನನ್ನ ಕಡೆ ಕೈ ತೋರಿಸಿದರು. “ನೀನು ನಿಂದು ಹೇಳು.”

ಸೊಸೆ ಸೆರಗು ಬಿಗಿದು ಮತ್ತೆ ಶುರುಮಾಡಿದಳು. ಈ ಸಲ ಯಾರನ್ನೂ ಅನುಕರಿಸಲಿಲ್ಲ. ನುಣುಪಾಗಿ, ಗಟ್ಟಿಯಾಗಿ, ನಾನು ಅವಳಿಂದ ಕೇಳಿದ್ದಕ್ಕಿಂತ ಎಷ್ಟೋ ಮೇಲಕ್ಕೆ ಏರಿ, ಅಲ್ಲಿ ತನ್ನದೇ ಆದ ಒಂದು ಕಡೆ ಧ್ವನಿ ಸಣ್ಣಗೆ ನಡುಗಿತು. ಸಂಬಾಳ ಅದರ ಮೇಲೆ ಬಿದ್ದು ಕೊನೆಯ ಅಕ್ಷರವನ್ನು ತೆಗೆದುಕೊಂಡಿತು. ನನ್ನ ಪರದೆಯ ಮೇಲೆ ಯಂತ್ರ ಆ ನಡುಕಕ್ಕೆ ಕೆಂಪು ಗುರುತು ಹಾಕಿ, ದೋಷವೇ ಎಂದು ಕೇಳಿತು. ಅವಳನ್ನು ಹತ್ತಿರ ಕರೆದು ಕೇಳಿಸಿದೆ. ಅವಳು ಗಂಟಲ ಮೇಲೆ ಬೆರಳಿಟ್ಟಳು. ನಾನು ಇಲ್ಲ ಎಂದು ಒತ್ತಿದೆ.